ಸೇತುವೆ ದಾಟಿದ ಕೆಂಪು ಕಾರು

"ಇದನ್ನ ಯಾವಾಗ ತೆಗೆದ ಈ ಪುಣ್ಯಾತ್ಮ?"

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದ ತಮ್ಮ, ಕೈಯಲ್ಲಿದ್ದ ಮೊಬೈಲನ್ನೇ ದಿಟ್ಟಿಸುತ್ತಿದ್ದ. ಒಳಗೆ ಅಕ್ಕ, ಪಟ್ಟಿ ಕಟ್ಟಿದ ಎಡಗೈಯನ್ನು ಎದೆಗೆ ಆನಿಸಿಕೊಂಡು, ಒಂದೇ ಕೈಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಆ ಕೈಯನ್ನು ಮುರಿದವನು ಅವಳ ಗಂಡ. ಅವನಿಗೆ ಸಿಗಬಾರದೆಂದೇ ತಮ್ಮ ಯಾರಿಗೂ ಹೇಳದೆ ಈ ಮಹಡಿ ಮನೆಯನ್ನು ಬಾಡಿಗೆಗೆ ಹಿಡಿದಿದ್ದ.

ಮನೆ ಬಚ್ಚಿಟ್ಟರೂ ಕಾರು ಬಚ್ಚಿಡಲಾಗಲಿಲ್ಲ. ಜಪಾನಿನಿಂದ ಹಡಗಿನಲ್ಲಿ ಬಂದ ಹಳೆಯ ಕಾರುಗಳನ್ನು ನೆಲಕ್ಕೆ ಹತ್ತಿರವಾಗುವಂತೆ ತಗ್ಗಿಸಿ, ಬಣ್ಣ ಬದಲಿಸಿ, ಮಕ್ಕಳಂತೆ ಸಾಕುವವರ ವಾಟ್ಸಾಪ್ ಗುಂಪಿನಲ್ಲಿ ತಮ್ಮನೂ ಇದ್ದ, ಭಾವನೂ ಇದ್ದ. ಒಬ್ಬರ ಕಾರು ಇನ್ನೊಬ್ಬರ ಕಣ್ಣಿಗೆ ಬಿದ್ದರೆ ಫೋಟೊ ತೆಗೆದು, ಬೀದಿಯ ಹೆಸರು ಬರೆದು, 'ಕಂಡೆ' ಎಂದು ಹಾಕಬೇಕು. ಅದು ಅಲ್ಲಿಯ ಮರ್ಯಾದೆ. ತಮ್ಮ ತನ್ನ ಕಾರಿಗೆ ಬೂದು ಹೊದಿಕೆ ಹೊದಿಸಿ ನಿಶ್ಚಿಂತನಾಗಿದ್ದ. ಹೊದಿಕೆ ನೆಲ ಮುಟ್ಟುತ್ತಿರಲಿಲ್ಲ.

ಬೇಕರಿಯ ಗೆಳೆಯ ಬರೆದಿದ್ದ: "ಕಂಡೆ! ಗಿರಣಿ ಬೀದಿ, ಹಳದಿ ಗೇಟು. ಮುಸುಕು ಹಾಕ್ಕೊಂಡ್ರೆ ಸಾಕಾ ಮದುಮಗಳೇ, ಕಾಲು ಕಾಣಲ್ವಾ?" ಚಿತ್ರದಲ್ಲಿ ತಾಮ್ರಬಣ್ಣದ ಎರಡು ಚಕ್ರ. ಊರಿಗೆಲ್ಲ ಅಂಥವು ಇದ್ದದ್ದು ತಮ್ಮನ ಕಾರೊಂದಕ್ಕೇ.

ತಮ್ಮ ಕೂಡಲೇ ಅವನಿಗೆ ಫೋನ್ ಮಾಡಿದ. "ಅಳಿಸಿಬಿಡು ಮಾರಾಯ, ಕೈ ಮುಗೀತೀನಿ."

"ಅಳಿಸ್ತೀನಪ್ಪಾ, ಅದೇನು ಅಷ್ಟು ನಾಚಿಕೆ? ನಿಮ್ ಭಾವ ಆಗ್ಲೇ ಹಾರ್ಟ್ ಹಾಕಿದಾರೆ."

ತಮ್ಮ ಆ ಕರೆ ಕತ್ತರಿಸಿದ. ಪೊಲೀಸರಿಗೆ ಹೇಳಿದ, ಗಾಡಿ ಕಳಿಸುತ್ತೇವೆ, ಬಾಗಿಲು ಹಾಕಿಕೊಂಡಿರಿ ಎಂದರು. ಅಷ್ಟರಲ್ಲಿ ಮೊಬೈಲು ಮತ್ತೆ ಗುಣುಗಿತು. "ಕಂಡೆ! ಕೆಂಪು ರಾಜ, ಸೇತುವೆ ಮೇಲೆ." ಅದು ಭಾವನ ಕಾರು. ಬೆನ್ನಿಗೇ ಇನ್ನೊಬ್ಬ: "ಕಂಡೆ! ಪೆಟ್ರೋಲ್ ಬಂಕ್ ತಿರುವು. ಏನ್ ಸ್ಪೀಡಪ್ಪಾ, ಮಾವನ ಮನೆಗಾ?" ನಗುವ ಮುಖಗಳು ಸಾಲುಗಟ್ಟಿದವು. ಗೆಳೆಯರು ಏನೂ ಅರಿಯದೆ ಯಮನಿಗೆ ಬಹುಪರಾಕ್ ಹೇಳುತ್ತಿದ್ದರು.

"ಅಕ್ಕಾ, ಹಿಂದಿನ ಮೆಟ್ಟಿಲಿಂದ ಹೋಗ್ಬಿಡು."

"ಎಲ್ಲಿಗೋ? ಎಲ್ಲಿ ಹೋದ್ರೂ ಹುಡ್ಕೊಂಡ್ ಬರ್ತಾನೆ. ಇಲ್ಲೇ ಇರ್ತೀನಿ, ನಿನ್ನ ಬೆನ್ನ ಹಿಂದೆ."

ತಮ್ಮ ಮೇಜನ್ನು ಎಳೆದು ಬಾಗಿಲಿಗೆ ಒತ್ತಿದ. ಸ್ಪ್ಯಾನರ್ ಹಿಡಿಯುವುದನ್ನು ಅವನಿಗೆ ಕಲಿಸಿದವನು ಭಾವನೇ. ಭಾವ ಅಂದದ್ದಕ್ಕೆ 'ಹೂಂ' ಬಿಟ್ಟರೆ ಬೇರೆ ಉತ್ತರ ತಮ್ಮನ ಬಾಯಿಂದ ಇದುವರೆಗೆ ಹೊರಟದ್ದಿಲ್ಲ. ಕೆಳಗೆ ಎಂಜಿನ್ ಗುಟುರು ಹಾಕಿತು. ಕಿಟಕಿಯ ಗಾಜು ಅದುರಿತು. ಆಮೇಲೆ ಎಲ್ಲ ನಿಶ್ಶಬ್ದ. ಆಮೇಲೆ ಮೆಟ್ಟಿಲ ಮೇಲೆ ಬೂಟು, ಅವಸರವೇ ಇಲ್ಲದ ಬೂಟು.

"ಭಾಮೈದಾ," ಬಾಗಿಲಾಚೆಯ ದನಿ ಬೆಣ್ಣೆಯಂತಿತ್ತು. "ಬಾಗಿಲು ತೆಗಿಯೋ. ಅವಳ ಹತ್ರ ಎರಡು ಮಾತಾಡಿ ಹೋಗ್ತೀನಿ, ಅಷ್ಟೆ. ನಾನ್ ಯಾವತ್ತಾದ್ರೂ ನಿಂಗೆ ಕೆಟ್ಟದ್ದು ಮಾಡಿದೀನಾ?"

ಹಿಂದಿನಿಂದ ಅಕ್ಕನ ಬೆರಳುಗಳು ಅವನ ಅಂಗಿಯನ್ನು ಬಿಗಿಹಿಡಿದವು. ತಮ್ಮ ಮೇಜಿಗೆ ಹೆಗಲು ಕೊಟ್ಟ.

"ತೆಗೆಯಲ್ಲ, ಭಾವ."