ರಾದಿಶಾನ ಮೀಟರು

ಯಾಗೋದಾ ಶವವಾಹನದ ಬಾನೆಟ್ಟಿನೊಳಗೆ ಸೊಂಟದವರೆಗೆ ಬಾಗಿ ಸೆನ್ಸರಿನ ವೈರು ಹುಡುಕುತ್ತಿದ್ದಳು. ಇದ್ದ ಒಂದೇ ಕಪ್ಪು ಉಡುಪಿನ ತೋಳಿಗೆ ಆಗಲೇ ಗ್ರೀಸು ಮೆತ್ತಿತ್ತು. ಹಿಂದೆ ಪೆಟ್ಟಿಗೆಯಲ್ಲಿ ಅವಳ ಅಪ್ಪ ರಾದಿಶಾ. ಮೂವತ್ತೆಂಟು ವರ್ಷ ಊರಿನ ಗಾಡಿಗಳನ್ನೆಲ್ಲ ರಿಪೇರಿ ಮಾಡಿದವನು, ಕಳೆದ ತಿಂಗಳು ತಾನೇ ಸರಿಮಾಡಿದ ಗಾಡಿಯಲ್ಲಿ ಸ್ಮಶಾನದ ಏರಿನ ಅರ್ಧದಲ್ಲಿ ನಿಂತುಬಿಟ್ಟಿದ್ದ.

"ಗ್ಯಾರೇಜಿಗೆ ಇಳಿಸೋಣ. ಇಳಿಜಾರಿದೆಯಲ್ಲ," ಎಂದ ಡ್ರೈವರ್.

"ಬಾಯ್ಮುಚ್ಚೋ! ಹೊರಟ ಹೆಣಾನ ಯಾರಾದ್ರೂ ವಾಪಸ್ ತರ್ತಾರಾ? ಮನೇಲಿ ಇನ್ನೊಬ್ರು ಹೋಗ್ತಾರೆ," ಚಿಕ್ಕಪ್ಪ ತಿಹೊಮಿರ್ ಸಿಡುಕಿದ.

ಹೊತ್ತು ಒಯ್ಯೋಣವೆಂದರೆ ಬಂದವರಲ್ಲಿ ಮುಕ್ಕಾಲು ಪಾಲು ಮಂಡಿನೋವಿನವರು.

ಪಾದ್ರಿ ಗಡಿಯಾರ ನೋಡಿಕೊಂಡರು. "ಬೇಗ ಮಾಡಮ್ಮಾ. ಮೊರಾವಾ ಹೊಳೆಯಾಚೆ ನನಗೆ ಇನ್ನೊಂದು ಮಣ್ಣಿದೆ."

"ನಿನ್ನ ಕೈಲಿ ಆಗಲ್ಲ ಬಿಡು. ರಾದಿಶಾನೇ ಬೇಕಿತ್ತು," ಎಂದ ಚಿಕ್ಕಪ್ಪ. ಆದರೂ ಗ್ಯಾರೇಜಿಗೆ ಹೋಗಿ ಅಣ್ಣನ ವೋಲ್ಟ್ ಅಳೆಯುವ ಮೀಟರು ತಂದುಕೊಟ್ಟ.

*

ಆಕ್ಸಿಲರೇಟರ್ ಪೆಡಲ್ ಎಷ್ಟು ಒತ್ತಿದೆಯೆಂದು ಎಂಜಿನ್ನಿಗೆ ಹೇಳುವುದು ಆ ಪುಟ್ಟ ಸೆನ್ಸರ್. ಪೆಡಲ್ ಬಿಟ್ಟಾಗ ಅದು ಅರ್ಧ ವೋಲ್ಟ್ ಕೊಡಬೇಕು. ಇಲ್ಲದಿದ್ದರೆ ಸ್ಕ್ರೂ ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಬೇಕು.

"ಎಷ್ಟಿಟ್ಟೆ?" ಎಂದು ಕೇಳುತ್ತಿದ್ದ ಅಪ್ಪ.

"ಅರ್ಧ ವೋಲ್ಟ್."

"ನಿನ್ನ ಆ ಆಟಿಕೆ ಮೀಟರು ಹೇಳ್ತಾ? ಸರಿ ಆಚೆ."

ಬಟ್ಟೆಯಲ್ಲಿ ಸುತ್ತಿಟ್ಟ ತನ್ನ ಮುಳ್ಳಿನ ಮೀಟರು ತೆಗೆಯುತ್ತಿದ್ದ. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅವಳು ಬಿಗಿದ ಸ್ಕ್ರೂ ಬಿಚ್ಚಿ, ತಾನು ಮತ್ತೆ ಬಿಗಿದು, ಗಿರಾಕಿಗೆ ಹೇಳುತ್ತಿದ್ದ: "ಮಗಳು ಕೈಯಾಡಿಸಿದ್ಲು, ನಾನು ನೋಡಿದ್ದೀನಿ. ಹೆದರಬೇಡಿ." ಗಾಡಿ ಜಗ್ಗುತ್ತದೆಂದು ಗಿರಾಕಿ ತಿರುಗಿ ಬಂದರೆ ಬೈಗುಳ ಮಾತ್ರ ಅವಳಿಗೆ. ಹೀಗೆ ಹನ್ನೊಂದು ವರ್ಷ. ಎಷ್ಟೋ ಸಲ ತನ್ನ ಕೈಯೇ ಸರಿಯಿಲ್ಲವೆಂದು ಅವಳೂ ನಂಬಿದ್ದಳು.

*

ಮುಳ್ಳು ಸರಿಯಾಗಿ ಅರ್ಧ ವೋಲ್ಟ್ ತೋರಿಸಿತು. ಡ್ರೈವರ್ ಪೆಡಲ್ ಒತ್ತಿದ. ಎಂಜಿನ್ ಕೆಮ್ಮಿ ಸತ್ತಿತು. ಮತ್ತೆ ಅಳೆದಳು, ಮತ್ತೆ ಅಷ್ಟೇ. ರೇಗಿಹೋಗಿ ಮೀಟರಿನ ಎರಡೂ ವೈರುಗಳನ್ನು ಸೆನ್ಸರಿನಿಂದ ಕಿತ್ತಳು.

ಮುಳ್ಳು ಇಳಿಯಿತು. ಸೊನ್ನೆಗೆ ಬರುವ ಮೊದಲೇ ನಿಂತಿತು.

ಅಲುಗಿಸಿದಳು, ತಟ್ಟಿದಳು. ಏನನ್ನೂ ಮುಟ್ಟಿಸದೆಯೇ ಆ ಮೀಟರು ಒಂದಿಷ್ಟು ಹೆಚ್ಚು ತೋರಿಸುತ್ತಿತ್ತು. ಹನ್ನೊಂದು ವರ್ಷ ಅವಳು ಸರಿಯಾಗಿ ಇಟ್ಟದ್ದನ್ನೆಲ್ಲ ಅಪ್ಪ ಅಷ್ಟಷ್ಟೇ ಕೆಡಿಸಿದ್ದ.

"ಅಪ್ಪಾ!" ಎಂದು ಕಿರುಚಿದಳು.

"ಅತ್ತುಬಿಡು ಕೂಸೇ," ಎನ್ನುತ್ತ ಚಿಕ್ಕಮ್ಮ ರಕಿಯಾ ಸಾರಾಯಿಯ ಬಾಟಲಿ ಹಿಡಿದು ಓಡಿಬಂದಳು.

ಅಳು ಎಲ್ಲಿ ಬಂದೀತು? ಮೈಯೆಲ್ಲ ಉರಿಯುತ್ತಿತ್ತು. ಜಗಳವಾಡೋಣವೆಂದರೆ ಎದುರಾಳಿ ಪೆಟ್ಟಿಗೆಯಲ್ಲಿ ಆರಾಮಾಗಿ ಮಲಗಿದ್ದ. ಮೀಟರಿನ ಮುಖದ ಮೇಲಿದ್ದ ಪುಟ್ಟ ಸ್ಕ್ರೂ ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದಳು. ಈಗ ಅಳೆದರೆ ವೋಲ್ಟ್ ಕಡಿಮೆ. ಸೆನ್ಸರನ್ನು ಅರ್ಧ ವೋಲ್ಟ್ ಬರುವಷ್ಟು ತಿರುಗಿಸಿ ಬಿಗಿದಳು. ಗಾಡಿ ಒಂದು ಸಲವೂ ಜಗ್ಗದೆ ಏರು ಹತ್ತಿತು.

"ನೋಡಿದ್ರಾ? ನಮ್ಮಣ್ಣನ ಮೀಟರು!" ಚಿಕ್ಕಪ್ಪನ ಕಣ್ಣು ತುಂಬಿತು. "ಅವನು ಸತ್ರೂ ಅದು ಸುಳ್ಳು ಹೇಳಲ್ಲ."

"ಅದೇ ಸುಳ್ಳು ಹೇಳ್ತಿತ್ತು ಚಿಕ್ಕಪ್ಪಾ. ನಾನಿಟ್ಟಿದ್ದೇ ಸರಿಯಿತ್ತು, ಯಾವಾಗಲೂ!"

"ಆಯ್ತಮ್ಮಾ, ಆಯ್ತು. ಸಂಕಟದಲ್ಲಿ ಏನೇನೋ ಬಾಯಿಗೆ ಬರುತ್ತೆ."

ಗುಂಡಿಯ ಬಳಿ ಚಿಕ್ಕಪ್ಪ ಪೆಟ್ಟಿಗೆಯ ಮೇಲೆ ಸಿಗರೇಟು ಪ್ಯಾಕು, ಸಣ್ಣ ಬಾಟಲಿ, ಕೊನೆಗೆ ಮೀಟರನ್ನೂ ಇಟ್ಟ. "ಅವನದು ಅವನ ಜೊತೆಗೇ ಹೋಗ್ಲಿ." ಎಲ್ಲರೂ ತಲೆಯಾಡಿಸಿದರು.

ಪೆಟ್ಟಿಗೆ ಕೆಳಗಿಳಿಯಿತು. ಗಾಜಿನೊಳಗೆ ಮುಳ್ಳು ಸೊನ್ನೆಯ ಮೇಲೆ ನೆಟ್ಟಗೆ ನಿಂತಿತ್ತು.

"ಮೊದಲ ಹಿಡಿ ಮಗಳದ್ದು," ಎಂದರು ಪಾದ್ರಿ.

ಯಾಗೋದಾ ಒದ್ದೆ ಮಣ್ಣನ್ನು ಹಿಡಿತುಂಬ ತೆಗೆದುಕೊಂಡು, ಗುರಿಯಿಟ್ಟು, ಆ ಗಾಜಿನ ಮೇಲೆಯೇ ಎಸೆದಳು.