ದೀಪ ನೋಡಲು ಬಂದವರು

"ಏಳ, ಏಳಂದ್ರ ಏಳ! ಹೆಣದ ತೊಡಿಮ್ಯಾಲೆ ನಾಯಿ ತಲಿ ಇಡೂದು ಎಲ್ಯಾರ ನೋಡೀರೇನ್ರೆವ್ವಾ!"

ಗಂಗಾಬಾಯಿ ಕೆಂಪಿಯ ಕೊರಳಪಟ್ಟಿ ಹಿಡಿದು ಎಳೆದಳು. ನಾಯಿ ನಾಲ್ಕೂ ಕಾಲು ಊರಿ ಅಲುಗದೆ ಕೂತಿತು. ಗೋಡೆಗೆ ಒರಗಿಸಿ ಕೂಡಿಸಿದ್ದ ಅವಳ ಗಂಡ ಮೌನಪ್ಪ ಹಣೆ ತುಂಬ ವಿಭೂತಿ, ಕೊರಳ ತುಂಬ ಚೆಂಡುಹೂವು ಹಾಕಿಸಿಕೊಂಡು, ಬದುಕಿದ್ದಾಗ ಇದ್ದ ಹಾಗೆಯೇ ಯಾರಿಗೂ ಯಾವುದಕ್ಕೂ ಅಡ್ಡಿಯಿಲ್ಲ ಅನ್ನುವ ಮುಖದಲ್ಲಿ ಕೂತಿದ್ದ.

"ಇಲ್ಲ ಅನ್ನೂದೊಂದು ಕಲೀಲೇ ಇಲ್ಲ ನೀವು," ಅವಳು ಗಂಡನಿಗೇ ಹೇಳಿದಳು. "ಹೋಗೂಮುಂದ ಈ ಸಂತೀನೆಲ್ಲ ನನ್ನ ತಲಿಗೆ ಕಟ್ಟಿ ಹೋದ್ರಿ."

ಸಂತೆ ಅಂದರೆ ಹಿತ್ತಲಿನ ನಾಯಿಗಳು. ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ಹಳಿ ಪಕ್ಕದ ಬಾಡಿಗೆ ಮನೆ. ಮೌನಪ್ಪ ರೈಲ್ವೆಯಲ್ಲಿ ಗೇಟ್ ಕಾಯುತ್ತಿದ್ದು ನಿವೃತ್ತನಾದವನು. ನಾಯಿ ಬೇಸರವಾದವರೆಲ್ಲ ಅವನ ಬಳಿ ತಂದು ಬಿಡುತ್ತಿದ್ದರು. ಒಬ್ಬರಿಗೆ ವರ್ಗ, ಒಬ್ಬರಿಗೆ ಮೊಮ್ಮಗು, ಒಬ್ಬರಿಗೆ ಹೊಸ ಸೋಫಾ. ಸೋಫಾ ಮಾತ್ರ ಯಾರೂ ತಂದು ಬಿಡಲಿಲ್ಲ. ಬಿಟ್ಟವರೆಲ್ಲ ಇವತ್ತು ಸಾಲಾಗಿ ಬಂದು, ಮೌನಪ್ಪ ದೇವರಂಥಾ ಮನುಷ್ಯಾರಿ ಎಂದು ಕಣ್ಣೊರೆಸಿಕೊಂಡು, ಹಿತ್ತಲ ಕಡೆ ಕತ್ತು ಕೂಡ ಹೊರಳಿಸದೆ ಹೋಗುತ್ತಿದ್ದರು.

ಮನೆ ಮಾಲೀಕ ವೆಂಕಟೇಶ ಕುರ್ಚಿ ಎಳೆದುಕೊಂಡ. "ದುಃಖದಾಗ ಹೇಳಬಾರದು ಗಂಗಾಬಾಯಿ, ಆದ್ರ ಹೇಳಬೇಕಾಗೇತಿ. ಟ್ರಾಲಿ ಆಟೋದಾಂವಗ ಬರಾಕ ಹೇಳೀನಿ. ಸಂಜಿಕ ಎಲ್ಲಾ ನಾಯಿ ತುಂಬ್ಕೊಂಡು ರಿಂಗ್ ರೋಡಿಗೆ ಬಿಟ್ಟು ಬರತಾನ."

"ಮಣ್ಣರ ಆಗಲಿ ತಡೀರಿ."

"ಮಣ್ಣಾದ ಮ್ಯಾಲೇ ಅಂದೀನಲ್ಲ."

ಅವನ ಸೌಜನ್ಯಕ್ಕೆ ಬೆಂಕಿ ಹಾಕಬೇಕು ಅನ್ನಿಸಿತು ಅವಳಿಗೆ. ನಾಯಿಗಳ ಮೇಲೆ ಅವಳಿಗೇನು ಪ್ರೀತಿ ಉಕ್ಕುತ್ತಿರಲಿಲ್ಲ. ಬಯ್ದೇ ಅನ್ನ ಹಾಕಿದವಳು. ಆದರೆ ಮೌನಪ್ಪ ಕೊನೆಗೆ ಕೈ ಹಿಡಿದು ಒಂದೇ ಒಂದು ಮಾತು ಕೇಳಿದ್ದ: "ಕೆಂಪಿನ್ನ ಮಾತ್ರ ರಸ್ತಾದಾಗ ಬಿಡಬ್ಯಾಡ. ಒಮ್ಮೆ ಬಿಟ್ಟು ಹೋಗ್ಯಾರ ಅದನ್ನ. ಇನ್ನೊಮ್ಮೆ ತಡಕೊಳ್ಳಾಂಗಿಲ್ಲ." ಒಂದು ಕಣ್ಣು ಹೋದ ಮುದಿ ನಾಯಿ. ರಿಂಗ್ ರೋಡಿನ ಲಾರಿಗಳ ನಡುವೆ ಅದರ ಗತಿ ಏನೆಂದು ಯಾರೂ ಹೇಳಬೇಕಿರಲಿಲ್ಲ.

ಕೆಂಪಿಯನ್ನು ಹಿತ್ತಲಲ್ಲಿ ಕಟ್ಟಿ ಬರುವಷ್ಟರಲ್ಲಿ ಮಣಿಕೊಂಡದಿಂದ ಡಾಕ್ಟರ್ ಶ್ರೀವಿದ್ಯಾ ಮೇಡಂ ಬಂದಿಳಿದಿದ್ದರು. ಬೇಡವಾದ ಸಾಕುಪ್ರಾಣಿಗಳ ಆರೈಕೆಯ ಬಗ್ಗೆ ಸಂಶೋಧನೆ ಮಾಡುವವರು. ಸಾವಿಗೆಂದೇ ಇಸ್ತ್ರಿ ಮಾಡಿಸಿದ ಬಿಳಿ ಸೀರೆ. ಗಂಗಾಬಾಯಿಗೆ ಜೀವ ಬಂದಂತಾಯಿತು. ಇಡೀ ಹೈದರಾಬಾದಿನಲ್ಲಿ ಇವರೊಬ್ಬರಾದರೂ ಒಪ್ಪಿಯಾರು.

"ಮೌನಪ್ಪನವರು ಒಂದು ಸಂಸ್ಥೆ ಇದ್ದ ಹಾಗೆ," ಮೇಡಂ ಅವಳ ಕೈ ಹಿಡಿದರು. "ನನ್ನ ಪುಸ್ತಕದಲ್ಲಿ ಒಂದಿಡೀ ಅಧ್ಯಾಯ ಅವರದ್ದೇ."

"ಕೆಂಪಿ ಅಂತ ಒಂದು ಮುದುಕಿ ನಾಯಿ ಐತ್ರಿ ಮೇಡಂ. ಅದೊಂದನ್ನ ಕರಕೊಂಡ ಹೋಗ್ರಿ. ನಿಮ್ಮ ಕಾಲ ಬೀಳತೀನಿ."

"ಅಯ್ಯೋ, ಹಾಗೆಲ್ಲ ಅನ್ನಬೇಡಿ. ಸಂಶೋಧಕರು ಮಧ್ಯೆ ಪ್ರವೇಶಿಸಬಾರದು ನೋಡಿ. ನಿಷ್ಪಕ್ಷತೆ ಹೊರಟುಹೋಗತ್ತೆ."

ಗಂಗಾಬಾಯಿ ಕೈ ಬಿಡಿಸಿಕೊಂಡಳು.

*

ಕೆಂಪಿ ಬಂದದ್ದು ಒಂದು ಮುಂಜಾನೆ. ಯಾರೋ ಗೇಟಿಗೆ ಕಟ್ಟಿ ಹೋಗಿದ್ದರು. ಹಾಲು ತರಲು ಹೋಗಿದ್ದ ಮೌನಪ್ಪ ಕಟ್ಟಿದವರನ್ನು ನೋಡಿದ್ದಿರಬೇಕು. ಕೇಳಿದರೆ, "ಯಾರೋ ಏನೋ, ಪಾಪ, ಅಳಕೋತ ಹೋದ್ರು," ಅಂದ.

"ಬಿಟ್ಟ ಹೋದವರಿಗೆ ಪಾಪ ಅಂತೀರಲ್ಲ, ಏನನ್ನಬೇಕು ನಿಮಗ!"

ಅದಾಗಿ ಕೆಲವು ತಿಂಗಳಿಗೆ ಮೇಡಂ ಪ್ರಶ್ನೆ ಕೇಳಲು ಬರತೊಡಗಿದರು. ಅವರ ಕಾರಿನ ಸದ್ದಾದರೆ ಸಾಕು, ಮೌನಪ್ಪ ಗಡಬಡಿಸಿ ಏಳುತ್ತಿದ್ದ. "ಮೇಡಂ ಬಂದ್ರು, ಕೆಂಪಿನ್ನ ಹಿತ್ತಲದಾಗ ಕಟ್ಟು."

"ಯಾಕ, ಕಚ್ಚತೈತೇನು?"

"ಕಟ್ಟಂದ್ರ ಕಟ್ಟ ನೀ."

ಓದಿದ ಹೆಂಗಸಿನ ಮುಂದೆ ಗಂಡ ಹೀಗೆ ಹೆದರುವುದು ಕಂಡು ಗಂಗಾಬಾಯಿಗೆ ಮೈ ಉರಿಯುತ್ತಿತ್ತು. ಆಮೇಲೆ ಅವನು ಅವರೆದುರು ಕೈ ಕಟ್ಟಿ ಕೂತು, ನಾಯಿ ಬಿಡುವವರು ಎಂಥವರು ಎಂಬ ಪ್ರಶ್ನೆಗೆ, "ನಮ್ಮಂಥವರ ರೀ," ಅನ್ನುತ್ತಿದ್ದ.

*

ಗಂಡಸರು ಮೌನಪ್ಪನನ್ನು ಹೊತ್ತು ನಡೆದರು. ಮೇಡಂ ಹೆಂಗಸರ ನಡುವೆ ಒಳಗೇ ಉಳಿದರು, ಸಾವಿನ ಮೇಲೂ ಒಂದಿಷ್ಟು ಬರೆಯಬೇಕಿತ್ತೋ ಏನೋ. ಹಿತ್ತಲಲ್ಲಿ ಕೆಂಪಿ ಊಳಿಟ್ಟಿತು. ಇನ್ನು ಯಾವ ಹೆಣಕ್ಕೆ ಅಡ್ಡ ಬರುತ್ತದೆ ಎಂದುಕೊಂಡು ಗಂಗಾಬಾಯಿ ಅದನ್ನು ಬಿಚ್ಚಿದಳು, ಉಳಿದವನ್ನೂ ಅಂಗಳಕ್ಕೆ ಬಿಟ್ಟಳು.

ಮಣ್ಣು ಮಾಡಿ ಬಂದವರು ಹೆಣ ಕೂಡಿಸಿದ್ದ ಜಾಗದ ದೀಪ ನೋಡಿಯೇ ಮನೆಗೆ ಹೋಗಬೇಕು. ಗಂಡಸರು ಗೇಟಿನ ಬಳಿ ಚಪ್ಪಲಿ ಕಳಚಿ, ಕಾಲು ತೊಳೆದು ಒಳಗೆ ಬಂದರು, ಕೈ ಮುಗಿದರು, ಹೊರಗೆ ಹೋದರು. ಹೋದವರು ಅಲ್ಲೇ ನಿಂತುಬಿಟ್ಟರು. ಅವರವರ ಚಪ್ಪಲಿಯ ಮೇಲೆ ಅವರವರು ಬಿಟ್ಟ ನಾಯಿಗಳು ಮಲಗಿದ್ದವು.

ಬಿಳಿಯಾ ವೆಂಕಟೇಶನ ಚಪ್ಪಲಿಗಳ ಮೇಲೆ ಮಲಗಿತ್ತು. ಮೊಮ್ಮಗಳು ಹುಟ್ಟಿದ ವಾರ ಅವನೇ ತಂದು ಬಿಟ್ಟಿದ್ದ ನಾಯಿ. "ಹಚಾ! ಎಲ್ಲೀದಿದು?" ಎಂದು ಅವನು ಗದರಿದರೆ ಅದು ಬಾಲ ಬಡಿಯಿತು.

"ನಿಮ್ಮ ಬಿಳಿಯಾ ರೀ," ಗಂಗಾಬಾಯಿ ಬಾಗಿಲಿಂದಲೇ ಕೂಗಿದಳು. "ನಿಮ್ಮ ಕಾಲಿನ ವಾಸನಿ ಅದು ಮರ್ತಿಲ್ಲ. ನೀವ ಮರ್ತ್ರಿ."

ಅವಳ ಹಿಂದೆಯೇ ಮೇಡಂ ಹೊರಬಂದರು. ಅತ್ತ ಕೆಂಪಿ ಒಂದು ಜೊತೆ ಕಂದು ಚಪ್ಪಲಿಗೆ ಗದ್ದವಾನಿಸಿ ಬಿದ್ದಿತ್ತು. ಕತ್ತೆತ್ತಿತು. ಮೂಗು ಅರಳಿಸಿತು. ಮುದಿ ಮೈಯೆಲ್ಲ ಕುಣಿಸುತ್ತ ಎದ್ದು, ಕುಯ್‌ಗುಟ್ಟುತ್ತ, ಖುಷಿಗೆ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು.

"ಯಾರದ್ದು ಈ ನಾಯಿ? ಹಿಡ್ಕೊಳ್ಳಿ ಪ್ಲೀಸ್!" ಮೇಡಂ ಸೀರೆ ಎತ್ತಿ ಹಿಂದೆ ಸರಿದರು.

ಗಂಗಾಬಾಯಿಗೆ ಗಂಡನ ಮಾತು ನೆನಪಾಯಿತು. ಕಟ್ಟಂದ್ರ ಕಟ್ಟ ನೀ. ಅಯ್ಯೋ ಹುಚ್ಚಪ್ಪ, ಇವಳ ಮಾನ ಕಾಯಾಕ ಏನ ನೀ ಅದನ್ನ ಕಟ್ಟಿಸತಿದ್ದಿ!

"ಇದರ ಹೆಸರೇನಿತ್ರಿ ಮೇಡಂ?" ಅವಳು ಕೇಳಿದಳು. "ನಿಮ್ಮ ಮನ್ಯಾಗ ಏನಂತ ಕರೀತಿದ್ರಿ?"

ಶ್ರೀವಿದ್ಯಾಳ ತುಟಿ ಒಮ್ಮೆ ಅಲುಗಿತು. "ನನಗೆ... ಮೀಟಿಂಗ್ ಇದೆ," ಅಂದಳು. ಚಪ್ಪಲಿ ಬಿಟ್ಟು, ಇಳಿಹೊತ್ತಿಗೂ ಕಾದಿದ್ದ ಡಾಂಬರಿನ ಮೇಲೆ ಬರಿಗಾಲಲ್ಲಿ ಕಾರಿನ ಕಡೆ ಓಡಿದಳು. ಕೆಂಪಿ ಒಂದು ಚಪ್ಪಲಿ ಕಚ್ಚಿಕೊಂಡು ಹಿಂದೆಯೇ ಹೋಯಿತು. ಕಾರಿನ ಬಾಗಿಲ ಬಳಿ ಅದನ್ನಿಟ್ಟು, ಇರುವ ಒಂದು ಕಣ್ಣಲ್ಲಿ ಮೇಲೆ ನೋಡುತ್ತ ಕೂತಿತು. ಗಾಜು ಏರಿತು. ಕಾರು ಹೊರಟಿತು.

"ಥೂ, ನಿನ್ನ ಪುಸ್ತಕಕ್ಕ!" ಗಂಗಾಬಾಯಿ ಬೀದಿಗಿಳಿದು, ಎದ್ದು ಓಡಲಿದ್ದ ಕೆಂಪಿಯನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿಕೊಂಡಳು. ಟ್ರಾಲಿ ಆಟೋ ಸಂದಿಗೆ ತಿರುಗಿತು. ಬಿಳಿಯಾ ಚಪ್ಪಲಿ ಬಿಡದ್ದಕ್ಕೆ ವೆಂಕಟೇಶ ಬರಿಗಾಲಲ್ಲೇ ಎದುರು ಹೋಗಿ, "ಇಲ್ಲೇ, ಇಲ್ಲೇ," ಎಂದು ಕೈ ಬೀಸಿದ. ಅವಳು ಒಳಗೆ ಬಂದು ಗೇಟಿನ ಅಗುಳಿ ಜಡಿದು, ಅದಕ್ಕೆ ಬೆನ್ನು ಕೊಟ್ಟು ಕೂತಳು.

"ಗಂಗಾಬಾಯಿ! ಇದು ನನ್ನ ಮನಿ! ತಗೀರಿ!"

"ಚಪ್ಪಲಿ ಬೇಕಂದ್ರ ನಾಯಿ ಸಮೇತ ಒಯ್ರಿ."

ಗೇಟಿನಾಚೆ ಅವನು ಸುಡುವ ನೆಲದ ಮೇಲೆ ಒಂದು ಕಾಲೆತ್ತಿ ಇನ್ನೊಂದು ಇಡುತ್ತಿದ್ದ. ಒಳಗೆ ಬಿಳಿಯಾ ಅವನ ಚಪ್ಪಲಿಗಳ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿತ್ತು.