ಬಾವುಟ ಹೇಳಿದ್ದೇ ಲೆಕ್ಕ

ತಲೆಯ ಮೇಲೆ ಗುಂಡು ಚಟಾರನೆ ಹಾರಿಹೋಯಿತು. ಶಿಬಿರದವರು ಅಂಟು ಎಂದು ಕರೆಯುವ ಸಿಪಾಯಿ ಹಗ್ಗ ಜಗ್ಗಿ ಗುರಿಹಲಗೆಯನ್ನು ತಾನಿದ್ದ ಗುಂಡಿಯೊಳಕ್ಕೆ ಇಳಿಸಿಕೊಂಡ, ಕಾಗದದ ಮೇಲೆಲ್ಲ ಅಂಗೈ ಆಡಿಸಿದ. ಎಲ್ಲೂ ತೂತಿಲ್ಲ. ಮನುಷ್ಯನ ಎದೆಯಷ್ಟು ಅಗಲದ ಕರಿ ಚಿತ್ರ, ಬೆಳಿಗ್ಗೆ ತಾನು ಅಂಟಿಸಿದಾಗ ಹೇಗಿತ್ತೋ ಹಾಗೇ ಇತ್ತು. ಪ್ರತಿ ವಾರ ಇಷ್ಟು ಹೊತ್ತಿಗೆ ಅವನ ಕೈ ಜೇಬಿನ ಪೆನ್ಸಿಲ್ಲಿಗೆ ಹೋಗುತ್ತಿತ್ತು. ಇವತ್ತೂ ಹೋಯಿತು. ಹೊರಗೆ ಎಳೆದ, ಮತ್ತೆ ಒಳಗೆ ತುರುಕಿದ, ಕೆಂಪು ಬಾವುಟ ಎತ್ತಿಕೊಂಡ.

ಬಾವುಟ ಎತ್ತಿ ಅತ್ತಿಂದಿತ್ತ ಆಡಿಸಿದರೆ ಗುಂಡು ತಾಗಿಲ್ಲ ಎಂದು ಅರ್ಥ. ಕೋಲಿನ ತುದಿಯ ಬಿಳಿ ಬಿಲ್ಲೆಯನ್ನು ಹಲಗೆಯ ಮೇಲೆ ಎಲ್ಲಿ ಇಟ್ಟು ತೋರಿಸುತ್ತಾರೋ ಅಲ್ಲಿ ತಾಗಿದೆ ಎಂದು. ಮುನ್ನೂರು ಗಜ ಆಚೆ ಬಂದೂಕು ಹಿಡಿದು ಮಲಗಿದವನಿಗೆ ಇಷ್ಟೇ ಸುದ್ದಿ. ಹವಾಲ್ದಾರ ಮೊದಲ ದಿನವೇ ಎಲ್ಲರ ಕಿವಿಗೂ ಹಾಕಿದ್ದ: "ತಾಗಿತ್ತು ಸರ್, ನಾನು ನೋಡಿದೆ ಸರ್ ಅಂತ ಯಾರೂ ನನ್ನ ಹತ್ರ ರಾಗ ಎಳೀಬೇಡಿ. ದುರ್ಬೀನು ಹಿಡ್ಕೊಂಡು ನಿಮ್ಮ ಪಂಚಾಯ್ತಿ ಮಾಡೋಕೆ ನನಗೆ ಪುರುಸೊತ್ತಿಲ್ಲ. ಬಾವುಟ ಹೇಳಿದ್ದೇ ಲೆಕ್ಕ."

ಆ ಒಂದು ಮಾತನ್ನು ನಂಬಿಕೊಂಡೇ ಅಂಟು ಏಳು ವಾರ ಸುಳ್ಳು ಹೇಳಿದ್ದ.

ಊರಲ್ಲಿ ಅವನು ಗೋಡೆಗೆ ಸಿನಿಮಾ ಪೋಸ್ಟರು ಅಂಟಿಸುವವನು. ಯುದ್ಧ ಶುರುವಾದ ಮೇಲೆ ಸಿನಿಮಾ ನಿಂತು, ಸೈನ್ಯಕ್ಕೆ ಸೇರಿ ಎಂಬ ಪೋಸ್ಟರು ಬಂತು. ಅದನ್ನೂ ಊರ ತುಂಬ ಅವನೇ ಅಂಟಿಸಿದ. ಕೊನೆಯ ಪೋಸ್ಟರು ಒಣಗುವ ಮೊದಲೇ ಅವನ ವಯಸ್ಸಿನವರಿಗೆ ಕರೆ ಬಂದು, ಬಸುರಿ ಹೆಂಡತಿಯನ್ನು ಅವಳ ಅಕ್ಕನ ಮನೆಯಲ್ಲಿ ಬಿಟ್ಟು ರೈಲು ಹತ್ತಿದ. ಶಿಬಿರದಲ್ಲಿ ಮೊದಲ ದಿನ ಐದಕ್ಕೆ ಐದು ಗುಂಡೂ ಎದೆಗೇ ಹೊಡೆದ. ಹವಾಲ್ದಾರ ಹುಬ್ಬೇರಿಸಿ ಪುಸ್ತಕದಲ್ಲಿ ಬರೆದುಕೊಂಡ. ಆದರೆ ಬೇರೆಯವರು ಅಂಟಿಸಿದ ಗುರಿಕಾಗದ ಗಾಳಿಗೆ ಕಿತ್ತು ಬಯಲ ತುಂಬ ಹಾರಾಡತೊಡಗಿದಾಗ, ಇವನ ಕಸುಬು ಗೊತ್ತಾಗಿ ಇವನನ್ನು ಗುಂಡಿಗೆ ಇಳಿಸಿದರು. ಅಲ್ಲಿಂದ ಮೇಲೆ ಅವನ ಕೈಗೆ ಬಂದೂಕಿಗಿಂತ ಅಂಟಿನ ಡಬ್ಬಿಯೇ ಹೆಚ್ಚು ಸಿಕ್ಕಿತು. ಹೆಸರೂ ಹೋಗಿ ಅಂಟು ಎಂದೇ ಆಯಿತು.

ಇವತ್ತು ಅವನ ಗುರಿಗೆ ಗುಂಡು ಹೊಡೆಯುತ್ತಿದ್ದವರು ಮೇಷ್ಟ್ರು. ಶಿಬಿರದಲ್ಲಿ ಅಂಟುವಿನ ಪಕ್ಕದ ಮಂಚ ಅವರದು. ಹೆಂಡತಿ ತೀರಿಕೊಂಡವರು, ಇಬ್ಬರು ಹೆಣ್ಣುಮಕ್ಕಳನ್ನು ತಂಗಿಯ ಮನೆಯಲ್ಲಿ ಬಿಟ್ಟು ಬಂದವರು. ಎರಡನೆಯ ದಿನ ಹಗ್ಗದ ಗೋಡೆ ಹತ್ತುವಾಗ ಬಿದ್ದು ಅವರ ಕನ್ನಡಕ ಚೂರಾಯಿತು. ಆಮೇಲೆ ಮೂವತ್ತು ಹೆಜ್ಜೆ ಆಚೆ ನಿಂತದ್ದು ಮನುಷ್ಯನೋ ಕಂಬವೋ ಅವರಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಕಂಬಕ್ಕೆ ಸಲಾಮು ಹೊಡೆದು ಇಡೀ ಶಿಬಿರವನ್ನು ನಗಿಸಿದ್ದರು.

ನಗುವುದು ಸರಿ, ಆದರೆ ಶಿಬಿರದಲ್ಲೊಂದು ಹಾಳು ಪದ್ಧತಿಯಿತ್ತು. ವಾರದ ಗುರಿಯಲ್ಲಿ ಐದಕ್ಕೆ ಮೂರು ಬೀಳದಿದ್ದವನಿಗೆ ಆ ವಾರ ಮನೆಯ ಕಾಗದ ಕೊಡುತ್ತಿರಲಿಲ್ಲ. ಬಂದ ಕಾಗದ ಹವಾಲ್ದಾರನ ತಗಡಿನ ಪೆಟ್ಟಿಗೆಯಲ್ಲೇ ಕೊಳೆಯುತ್ತಿತ್ತು. ಮೊದಲ ವಾರ ಮೇಷ್ಟ್ರಿಗೆ ತಾಗಿದ್ದು ಒಂದೇ, ಅದೂ ದೇವರು ಕಣ್ಣು ತೆರೆದದ್ದಕ್ಕೆ. ಪೆಟ್ಟಿಗೆಯಲ್ಲಿ ಮಕ್ಕಳ ಮೂರು ಕಾಗದ ಇವೆ ಎಂದು ಗೊತ್ತಾದ ಮೇಲೆ ಆ ಮನುಷ್ಯ ಎರಡು ದಿನ ತಟ್ಟೆಯ ಮುಂದೆ ಸುಮ್ಮನೆ ಕೂತುಬಿಟ್ಟರು. ಅಂಟುವಿನ ಹೆಂಡತಿಯ ಕಾಗದಗಳನ್ನು ಮೂಗಿಗೆ ತಾಗಿಸಿಕೊಂಡು ಓದಿ ಹೇಳುತ್ತಿದ್ದವರೂ, ಅವನ ಪರವಾಗಿ ಉತ್ತರ ಬರೆಯುತ್ತಿದ್ದವರೂ ಅವರೇ. ಎರಡನೆಯ ವಾರ ಅವನು ಹಲಗೆ ಇಳಿಸಿದಾಗಲೆಲ್ಲ ಪೆನ್ಸಿಲ್ಲಿನಿಂದ ಕಾಗದ ಚುಚ್ಚಿ, ಅದರ ಮೇಲೊಂದು ತುಂಡು ಅಂಟಿಸಿ, ಬಿಳಿ ಬಿಲ್ಲೆ ತೋರಿಸಿದ. ಮೂರು ಸಾಕಿತ್ತು. ಹುರುಪಿನಲ್ಲಿ ನಾಲ್ಕು ಚುಚ್ಚಿದ.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಮೇಷ್ಟ್ರು ಅದನ್ನು ನಂಬಿಬಿಟ್ಟರು. "ಕಣ್ಣಿಂದ ಅಲ್ಲ ಕಣಯ್ಯ, ಉಸಿರಿಂದ ಹೊಡೀಬೇಕು. ಗುಟ್ಟು ನನಗೆ ಸಿಕ್ಕಿಬಿಡ್ತು" ಎಂದು ಮಂಚದ ಮೇಲೆ ಕೂತು ಪಾಠ ಶುರುಮಾಡಿದರು. ಮಕ್ಕಳಿಗೂ ಬರೆದರು. 'ಮನೆಯಲ್ಲಿ ಸೊಳ್ಳೆ ಹೊಡೆಯಲಿಕ್ಕೂ ಬರುತ್ತಿರಲಿಲ್ಲವಲ್ಲಪ್ಪ ನಿನಗೆ' ಎಂದು ಚಿಕ್ಕವಳು ಉತ್ತರ ಬರೆದಳು. ಅದನ್ನು ಓದಿ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೊಸ ಕನ್ನಡಕಕ್ಕೆ ಕೊಟ್ಟಿದ್ದ ಅರ್ಜಿಯೂ ವಾಪಸು ಬಂತು. ಇಷ್ಟು ಚೆನ್ನಾಗಿ ಹೊಡೆಯುವವನಿಗೆ ಕನ್ನಡಕ ಯಾಕೆ ಎಂದು ಅದರ ಮೇಲೆ ಕೆಂಪು ಶಾಯಿಯಲ್ಲಿ ಯಾರೋ ಗೀಚಿದ್ದರು. ಆಗಲಾದರೂ ಅಂಟು ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ಕಾಗದ ನಿಲ್ಲುತ್ತದೆ, ನಿಲ್ಲಿಸದಿದ್ದರೆ ಕನ್ನಡಕವಿಲ್ಲ. ಈ ವಾರ ಒಂದು, ಮುಂದಿನ ವಾರದಿಂದ ಸಾಕು ಎನ್ನುತ್ತ ಏಳು ವಾರ ಚುಚ್ಚಿದ.

ನಿನ್ನೆ ಮಧ್ಯಾಹ್ನ ಪಟ್ಟಿ ಓದಿದರು. ಗಡಿಯಲ್ಲಿ ಜನ ಸಾಲುತ್ತಿಲ್ಲ, ಗುರುವಾರದ ರೈಲಿಗೆ ಈ ಶಿಬಿರದಿಂದ ಮೂವತ್ತೆರಡು ಜನ. ಮೊದಲನೆಯ ಹೆಸರೇ ಮೇಷ್ಟ್ರದು. ಅವರು ಹೋಗಬೇಕಾದದ್ದು ಎಲ್ಲರಿಗಿಂತ ಮುಂದೆ ಅಡಗಿ ಕೂತು ಗುರಿ ಹಿಡಿಯುವ ಜಾಗಕ್ಕೆ. ಅಂಟು ಗುಂಡಿಯ ಕೆಲಸದವನು, ಅವನ ಹೆಸರಿರಲಿಲ್ಲ. ಇವತ್ತು ಕೊನೆಯ ಪರೀಕ್ಷೆ. ಇದರಲ್ಲಿ ಮೂರು ಬೀಳದಿದ್ದವನ ಹೆಸರು ಪಟ್ಟಿಯಿಂದ ಹೊರಗೆ, ಉಗ್ರಾಣದ ಕೆಲಸಕ್ಕೆ. ಏನಾದರಾಗಲಿ, ಇವತ್ತು ಇದ್ದದ್ದನ್ನೇ ತೋರಿಸುತ್ತೇನೆ ಎಂದು ಅವನು ನಿಶ್ಚಯ ಮಾಡಿಕೊಂಡು ಬಂದಿದ್ದ.

ಎರಡನೆಯ ಗುಂಡು. ಕಾಗದ ನುಣ್ಣಗೆ. ಕೆಂಪು ಬಾವುಟ. ಮೂರನೆಯದು ಹಿಂದಿನ ಮಣ್ಣಿನ ದಿಬ್ಬಕ್ಕೆ ಬಡಿದು ಅವನ ಹೆಗಲ ಮೇಲೆ ಹೆಂಟೆ ಉದುರಿತು. ಕೆಂಪು ಬಾವುಟ. ಆಚೆ ಉದ್ದಕ್ಕೆ ಸೀಟಿ ಕೇಳಿತು, ಎಲ್ಲ ಬಂದೂಕುಗಳೂ ಸುಮ್ಮನಾದವು. ಅಂಟು ಗೋಡೆಗೆ ಒರಗಿ ಕಾದ. ಹವಾಲ್ದಾರನ ಬೂಟಿನ ಸದ್ದು ಮೆಟ್ಟಿಲ ಮೇಲೆ ಬಂತು, ಅದರ ಹಿಂದೆ ತಡವರಿಸುತ್ತ ಮೇಷ್ಟ್ರ ಹೆಜ್ಜೆ.

"ಏನೋ ಇದು? ನನ್ನ ಮೊದಲ ನಂಬರಿನವನಿಗೆ ಮೂರೂ ಖಾಲೀನಾ?" ಹವಾಲ್ದಾರ ಹಲಗೆಯನ್ನು ನೋಡಿದ, ಬೆರಳಿಂದ ತಟ್ಟಿದ. ಆಮೇಲೆ ಅವನ ಕಣ್ಣು ಮೂಲೆಯ ಕಟ್ಟಿನ ಮೇಲೆ ಬಿತ್ತು. ಹಳೆಯ ಗುರಿಕಾಗದಗಳನ್ನು ಅಂಟು ಒಪ್ಪವಾಗಿ ಅಲ್ಲೇ ಜೋಡಿಸಿಟ್ಟಿದ್ದ. ಒಳ್ಳೆಯ ಕಾಗದ ಎಸೆಯಲು ಪೋಸ್ಟರಿನವನಿಗೆ ಎಲ್ಲಿ ಮನಸ್ಸು ಬರಬೇಕು? ಹವಾಲ್ದಾರ ಮೇಷ್ಟ್ರ ಹೆಸರಿದ್ದ ಒಂದು ಹಾಳೆ ಎಳೆದು, ಹಿಂಬದಿ ತಿರುಗಿಸಿ ಬಿಸಿಲಿಗೆ ಹಿಡಿದ. ಇನ್ನೊಂದು ಎಳೆದ.

"ನಮ್ಮ ಬಂದೂಕಿನ ಗುಂಡು ಯಾವತ್ತಿಂದ ಆರು ಮೂಲೆಯ ತೂತು ಮಾಡ್ತಿದೆಯಪ್ಪ?"

ಅಂಟು ಜೇಬಿನಿಂದ ಆರು ಮೂಲೆಯ ಪೆನ್ಸಿಲ್ಲು ತೆಗೆದು ಕೊಟ್ಟ.

ಮೇಷ್ಟ್ರಿಗೆ ಮೊದಲು ಅರ್ಥವಾಗಲಿಲ್ಲ. ಹಾಳೆಯನ್ನು ಇಸಿದುಕೊಂಡು ಮೂಗಿನ ಹತ್ತಿರ ತಂದರು. ಒಂದೊಂದೇ ತೂತನ್ನು ಬೆರಳಿನಿಂದ ಮುಟ್ಟಿದರು. ಮಕ್ಕಳ ತಪ್ಪು ಲೆಕ್ಕಕ್ಕೆ ಗೀಟು ಹಾಕಿ ಹಾಕಿ ಪಳಗಿದ ಬೆರಳು ಅದು.

"ಅಂದ್ರೆ ಒಂದೂ ಇಲ್ವೇನಯ್ಯ?"

"ಮೊದಲನೇ ವಾರದ್ದು ಒಂದು ಇದೆ ಮೇಷ್ಟ್ರೇ. ಅದು ನಿಮ್ಮದೇ, ದೇವರಾಣೆ."

"ಒಂದು" ಎಂದರು ಮೇಷ್ಟ್ರು. ಮುಖ ಕೆಂಪಗಾಗಿತ್ತು. "ನನ್ನ ಚಿಕ್ಕವಳಿಗೆ ಇದ್ದ ಬುದ್ಧಿ ನನಗೆ ಇಲ್ದೆ ಹೋಯ್ತು, ನೋಡು."

"ಕಾಗದ ಕೊಡಲ್ಲ ಅಂದ್ರಲ್ಲ... ನೀವು ಊಟ ಬಿಟ್ಟಿದ್ರಿ..." ಅಂಟು ತಡವರಿಸಿದ.

ಹವಾಲ್ದಾರ ಇಬ್ಬರನ್ನೂ ಬಯ್ಯಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು. ಅವನು ಮೆಟ್ಟಿಲ ಮೇಲೆ ಕೂತು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಇದನ್ನ ಮೇಲಕ್ಕೆ ತಿಳಿಸಿದ್ರೆ ನಿನಗೆ ಜೈಲು. ಏಳು ವಾರ ಕಣ್ಣು ಮುಚ್ಕೊಂಡಿದ್ದೆಯಾ ಅಂತ ನನ್ನ ತೋಳಿನ ಪಟ್ಟಿಯೂ ಕಿತ್ತುಹಾಕ್ತಾರೆ. ಮೂವತ್ತೆರಡು ತಲೆ ಅಂತ ಬರೆದು ಕಳಿಸಿಯಾಗಿದೆ. ಮೂವತ್ತೊಂದು ಕಳಿಸೋಕಾಗಲ್ಲ. ಉಳಿದವರಲ್ಲಿ ನೆಟ್ಟಗೆ ಹೊಡೆದವನು ಅಂತ ನನ್ನ ಪುಸ್ತಕದಲ್ಲಿ ಇರೋದು ಒಂದೇ ಹೆಸರು. ನಿಂದು." ಅವನು ಟೋಪಿ ಹಾಕಿಕೊಂಡು ಎದ್ದ. "ನೀನು ಮೇಲೆ ಬಾ. ಐದು ಗುಂಡು ಹೊಡಿ. ಮೂರು ಬಿದ್ದರೆ ಗುರುವಾರ ನೀನು ಹೋಗ್ತೀಯ, ಮೇಷ್ಟ್ರು ಉಗ್ರಾಣಕ್ಕೆ. ಬೀಳಲಿಲ್ಲವೋ, ಇವರೇ ಹೋಗ್ಬೇಕು. ಇವರ ಹೆಸರು ಹೇಗೂ ಪಟ್ಟಿಯಲ್ಲಿದೆ, ಇವತ್ತಿನ ಹಾಳೆ ನಾನು ತುಂಬ್ಕೋತೀನಿ. ಮೇಷ್ಟ್ರೇ, ನೀವು ಇಲ್ಲೇ ಇದ್ದು ಬಾವುಟ ನೋಡ್ಕೊಳ್ಳಿ. ಹತ್ತಿರದ್ದು ಕಾಣತ್ತಲ್ಲ?"

"ಹತ್ತಿರದ್ದು ಚೆನ್ನಾಗೇ ಕಾಣತ್ತೆ" ಎಂದರು ಮೇಷ್ಟ್ರು.

ಅಂಟು ಅವರಿಗೆ ಹಗ್ಗ ತೋರಿಸಿಕೊಟ್ಟ, ಅಂಟಿನ ಡಬ್ಬಿ ತೋರಿಸಿಕೊಟ್ಟ. ಬಿಳಿ ಬಿಲ್ಲೆ ಯಾವುದಕ್ಕೆ, ಕೆಂಪು ಬಾವುಟ ಯಾವುದಕ್ಕೆ ಎಂದು ಅವರು ಎರಡು ಸಲ ಕೇಳಿಕೊಂಡರು. ಅವನು ಮೆಟ್ಟಿಲು ಹತ್ತುವಾಗ ಹಿಂದಿನಿಂದ ಕರೆದರು.

"ಮೊನ್ನೆ ಕಾಗದದಲ್ಲಿ ಎಂಟು ತುಂಬಿತು ಅಂತ ಬರೆಸಿದ್ದಳಲ್ಲ, ನಿನ್ನ ಹೆಂಡತಿ?"

"ಹೂಂ ಮೇಷ್ಟ್ರೇ."

"ಸರಿ, ಹೋಗು."

ಮುನ್ನೂರು ಗಜ ನಡೆಯುವಷ್ಟರಲ್ಲಿ ಅಂಟುವಿನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಎಂಟು ತುಂಬಿತ್ತು. ಇನ್ನೊಂದೇ ತಿಂಗಳು. ಹೆರಿಗೆಗೆ ನಾಲ್ಕು ದಿನ ರಜೆ ಕೇಳಬೇಕೆಂದು ಅರ್ಜಿಯನ್ನೂ ಮೇಷ್ಟ್ರ ಕೈಲಿ ಬರೆಸಿಟ್ಟಿದ್ದ. ಗುರುವಾರದ ರೈಲು ಹತ್ತಿದವರಲ್ಲಿ ರಜೆಗೆ ಬಂದವರನ್ನು ಯಾರೂ ನೋಡಿರಲಿಲ್ಲ. ಗೋಣಿಚೀಲದ ಮೇಲೆ ಬೋರಲು ಮಲಗಿ, ಬಂದೂಕನ್ನು ಭುಜಕ್ಕೆ ಒತ್ತಿಕೊಂಡ. ಕರಿ ಎದೆ ನಳಿಗೆಯ ತುದಿಯ ಗುರಿಮುಳ್ಳಿನ ಮೇಲೆ ನೇರ ಬಂದು ಕೂತಿತು. ಇಷ್ಟು ದಿನವಾದರೂ ಕೈ ಮರೆತಿರಲಿಲ್ಲ.

ಮೊದಲನೆಯ ಗುಂಡನ್ನು ಅವನು ಬೇಕೆಂದೇ ಮಣ್ಣಿಗೆ ಹೊಡೆದ.

ಹಲಗೆ ಇಳಿಯಿತು, ಏರಿತು. ಕೆಂಪು ಬಾವುಟ ಆಡಿತು. ಸರಿಯಾಗಿತ್ತು. ಹವಾಲ್ದಾರ ಪುಸ್ತಕದಲ್ಲಿ ಗುರುತು ಮಾಡಿಕೊಂಡ. ಅಂಟು ಕಣ್ಣು ಮುಚ್ಚಿದ. ಹೀಗೇ ಇನ್ನೆರಡು ಮಣ್ಣಿಗೆ ಹಾಕಿದರೆ ಮುಗಿಯಿತು, ಯಾರೂ ಏನೂ ಕೇಳುವುದಿಲ್ಲ. ಕಂಬಕ್ಕೆ ಸಲಾಮು ಹೊಡೆದ ಮನುಷ್ಯ ಗಡಿಯಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ಕೂರುತ್ತಾರೆ. ಯಾರು ಬರುತ್ತಿದ್ದಾರೆ ಎಂದು ಅವರಿಗೆ ತಿಳಿಯುವ ಹೊತ್ತಿಗೆ ಆಗುವುದು ಆಗಿಹೋಗಿರುತ್ತದೆ. ಛೀ, ನಾನೂ ಒಬ್ಬ ಮನುಷ್ಯನೇ ಎಂದು ತನ್ನನ್ನೇ ಬಯ್ದುಕೊಂಡ. ಹೆಂಡತಿಯ ಮುಖ ಕಣ್ಣಿಗೆ ಕಟ್ಟಿತು. ಅವಳ ಹತ್ತಿರ ಮನಸ್ಸಿನಲ್ಲೇ ತಪ್ಪಾಯ್ತು ಎಂದ. ಉಸಿರು ಬಿಗಿಹಿಡಿದು, ಎದೆಯ ನಟ್ಟನಡುವೆ ನೋಡಿ, ಬೆರಳು ಮಡಿಸಿದ.

ತಾಗಿತು. ಹೊಡೆದವನಿಗೆ ಅದು ಭುಜದಲ್ಲೇ ಗೊತ್ತಾಗುತ್ತದೆ. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡು ಬಿಳಿ ಬಿಲ್ಲೆಗಾಗಿ ಕಾದ.

ಕೆಂಪು ಬಾವುಟ ಎದ್ದಿತು.

ಮೇಷ್ಟ್ರಿಗೆ ತೂತು ಸಿಕ್ಕಿಲ್ಲವೇನೋ, ಹೊಸಬರಲ್ಲವೇ ಎಂದುಕೊಂಡ. ಮೂರನೆಯದನ್ನು ಇನ್ನೂ ನಿಧಾನವಾಗಿ ಹೊಡೆದ. ಕರಿ ಎದೆಯ ಮಧ್ಯದಲ್ಲಿ ಬಿಳಿ ಚುಕ್ಕೆಯೊಂದು ಮೂಡಿದಂತೆ ಅವನ ಬರಿಗಣ್ಣಿಗೇ ಕಂಡಿತು. ಹಲಗೆ ಇಳಿಯಿತು. ಏರಿದಾಗ ಚುಕ್ಕೆ ಇರಲಿಲ್ಲ, ಮೇಷ್ಟ್ರು ಅದರ ಮೇಲೆ ನೀಟಾಗಿ ತುಂಡು ಅಂಟಿಸಿದ್ದರು. ಕೆಂಪು ಬಾವುಟ ಎದ್ದು ಅತ್ತಿಂದಿತ್ತ ಆಡಿತು.

ಅಂಟು ಬಂದೂಕು ಬಿಟ್ಟು ಮಂಡಿಯ ಮೇಲೆ ಎದ್ದ. "ಮೇಷ್ಟ್ರೇ!" ಎಂದು ಕೂಗಿದ. ಗಾಳಿ ಎದುರಿನಿಂದ ಬೀಸುತ್ತಿತ್ತು. "ಸರ್, ತಾಗಿದೆ ಸರ್. ಎರಡೂ ತಾಗಿದೆ. ನೀವೇ ನೋಡಿ, ನಿಮ್ಮ ಕಾಲು ಹಿಡ್ಕೋತೀನಿ."

ಹವಾಲ್ದಾರ ಕೊರಳಲ್ಲಿದ್ದ ದುರ್ಬೀನನ್ನು ಕಣ್ಣಿಗೆ ಹಿಡಿದ. ತುಂಬ ಹೊತ್ತು ನೋಡಿದ. ಆಮೇಲೆ ಕೆಳಗಿಳಿಸಿ, ಪುಸ್ತಕದಲ್ಲಿ ಮತ್ತೊಂದು ಗೀಟು ಎಳೆದ.

"ಬಾವುಟ ಹೇಳಿದ್ದೇ ಲೆಕ್ಕ" ಎಂದ. ಅವನ ದನಿ ಸಣ್ಣಗಾಗಿತ್ತು. "ಮಲಕ್ಕೋ. ಇನ್ನೆರಡಿದೆ, ಹೊಡಿ."

ಅಂಟು ಹೊಡೆದ. ಕಣ್ಣು ಮಂಜಾಗಿತ್ತು, ಆದರೂ ಎರಡೂ ನೆಟ್ಟಗೆ ಹೋದವು. ನಾಲ್ಕನೆಯದಕ್ಕೆ ಬಾವುಟ ತಕ್ಷಣ ಎದ್ದಿತು. ಐದನೆಯದಕ್ಕೆ ಹಲಗೆ ಇಳಿದದ್ದು ಬಹಳ ಹೊತ್ತು ಮೇಲೆ ಬರಲಿಲ್ಲ. ಪಕ್ಕದ ಗುರಿಯವರೆಲ್ಲ ಮುಗಿಸಿ ಏಳುತ್ತಿದ್ದರು. ಕೊನೆಗೆ ಹಲಗೆ ಏರಿತು, ಅದರ ಪಕ್ಕದಲ್ಲಿ ಬಾವುಟವೂ. ತರಗತಿ ಬಿಟ್ಟ ಮೇಲೆ ಬೋರ್ಡು ಒರೆಸುವವರ ಹಾಗೆ, ಈ ಮೂಲೆಯಿಂದ ಆ ಮೂಲೆಗೆ, ಅವಸರವಿಲ್ಲದೆ. ಹವಾಲ್ದಾರ ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡ ಮೇಲೂ ಅದು ಆಡುತ್ತಲೇ ಇತ್ತು.